ರೋಬೋಟ್ ದನಿಯ ಹಿಂದಿನ ಕಥೆ: ಸ್ಟೇಜಿಗೆ ಯಾವ ವೊಕೋಡರ್?

ಮೆಟ್ರೋದಲ್ಲೋ ಬಸ್ಸಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಾ ಅಂದ್ಕೋತೀನಿ. ಇವತ್ತು ಮಾತಾಡೋದು ವೊಕೋಡರ್ ಬಗ್ಗೆ. ಹಾಡುಗಾರ ಮೈಕಿನಲ್ಲಿ ಹಾಡ್ತಾನೆ, ಸ್ಪೀಕರಿಂದ ಮಾತ್ರ ಒಂದು ಯಂತ್ರ ಹಾಡಿದ ಹಾಗೆ ಕೇಳಿಸುತ್ತೆ ನೋಡಿ, ಅದೇ. ನಾನು ಒಂದು ಸಣ್ಣ ಬ್ಯಾಂಡಲ್ಲಿ ಕೀಬೋರ್ಡ್ ನುಡಿಸೋನು. ಹಾಗಾಗಿ ‘ಸ್ಟೇಜಿಗೆ ಯಾವ ವೊಕೋಡರ್ ತಗೋಬೇಕು?’ ಅನ್ನೋ ಪ್ರಶ್ನೆ ಆಗಾಗ ನನ್ನ ಹತ್ರ ಬರುತ್ತೆ. ಉತ್ತರ ಅಂಗಡಿಯ ರೇಟ್ ಲಿಸ್ಟಲ್ಲಿ ಇಲ್ಲ. ಈ ಯಂತ್ರ ಯಾಕೆ ಹುಟ್ಟಿತು ಅನ್ನೋದರಲ್ಲಿ ಇದೆ.

ಮೊದಲನೇ ಮಾತು: ವೊಕೋಡರ್ ಸಂಗೀತಕ್ಕೆ ಹುಟ್ಟಿದ್ದೇ ಅಲ್ಲ, ಟೆಲಿಫೋನಿಗೆ ಹುಟ್ಟಿದ್ದು.

1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ ಅನ್ನೋ ಎಂಜಿನಿಯರ್ ಇದರ ಕೆಲಸ ಶುರು ಮಾಡಿದರು. ಅವರ ತಲೆಯಲ್ಲಿದ್ದದ್ದು ತುಂಬ ವ್ಯಾವಹಾರಿಕ ಪ್ರಶ್ನೆ. ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಬಹಳ ಕಿರಿದು, ಅದರಲ್ಲಿ ಮಾತು ಹಿಡಿಸೋದಿಲ್ಲ. ಹಾಗಾದರೆ ಮಾತನ್ನೇ ಚಿಕ್ಕದು ಮಾಡಿ ಕಳಿಸೋಕೆ ಆಗುತ್ತಾ? ಡಡ್ಲಿ ಒಂದು ಸೂಕ್ಷ್ಮ ಗಮನಿಸಿದರು. ಗಂಟಲು ಸೆಕೆಂಡಿಗೆ ನೂರಾರು ಸಲ ಕಂಪಿಸುತ್ತೆ, ನಿಜ. ಆದರೆ ಆ ನಾದವನ್ನು ಅಕ್ಷರವಾಗಿ ತಿದ್ದೋ ತುಟಿ, ನಾಲಿಗೆ, ದವಡೆ ನಿಧಾನವಾಗಿ ಚಲಿಸುತ್ತವೆ. ಹಾಗಾಗಿ ಇಡೀ ದನಿ ಕಳಿಸೋದು ಬೇಡ. ಬಾಯಿ ಹೇಗೆ ತಿರುಗಿತು ಅನ್ನೋ ಲೆಕ್ಕ ಕಳಿಸಿದರೆ ಸಾಕು, ಆ ಕಡೆ ಒಂದು ಯಂತ್ರ ಬೇರೆ ನಾದಕ್ಕೆ ಅದೇ ಬಾಯಿ ಜೋಡಿಸುತ್ತೆ.

ಇವತ್ತಿನ ವೊಕೋಡರ್ ಮಾಡೋದೂ ಇದನ್ನೇ. ನಿಮ್ಮ ಮಾತನ್ನು ಹತ್ತೋ ಇಪ್ಪತ್ತೋ ಪಟ್ಟಿಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ ಸೀಳುತ್ತೆ. ಪ್ರತಿ ಪಟ್ಟಿಯಲ್ಲಿ ಎಷ್ಟು ಜೋರಿದೆ ಅಂತ ಅಳೆಯುತ್ತೆ. ಆಮೇಲೆ ಕೀಬೋರ್ಡಿನ ನಾದವನ್ನೂ ಅದೇ ಥರ ಸೀಳಿ, ಆ ಅಳತೆ ಪ್ರಕಾರ ಏರಿಸಿ ಇಳಿಸುತ್ತೆ. ಬಾಯಿ ನಿಮ್ಮದು, ಗಂಟಲು ಕೀಬೋರ್ಡಿನದು.

1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಡಡ್ಲಿಯವರ ಇನ್ನೊಂದು ಯಂತ್ರ ‘ವೋಡರ್’ ಜನರ ಮುಂದೆ ಮಾತಾಡಿತು. ಅದಕ್ಕೆ ಮೈಕೇ ಇರಲಿಲ್ಲ! ಬೆರಳಿಗೆ ಕೀಲಿ, ಮಣಿಕಟ್ಟಿಗೆ ಒಂದು ಪಟ್ಟಿ, ಕಾಲಿಗೆ ಪೆಡಲ್. ಆಪರೇಟರ್‌ಗಳು ಸುಮಾರು ಒಂದು ವರ್ಷ ಅಭ್ಯಾಸ ಮಾಡಿ ಅದರಿಂದ ಮಾತು ಹೊರಡಿಸ್ತಿದ್ದರು. ಅಂದರೆ ಮಾತನ್ನು ವಾದ್ಯದ ಹಾಗೆ ಲೈವ್ ನುಡಿಸಿದವರು ಇವರು.

ಆಮೇಲೆ ಯುದ್ಧ ಬಂತು. 1943ರ ಜುಲೈ 15ರಂದು ವಾಷಿಂಗ್ಟನ್ ಮತ್ತು ಲಂಡನ್ ನಡುವೆ ‘ಸಿಗ್‌ಸ್ಯಾಲಿ’ ಅನ್ನೋ ಗುಪ್ತ ಫೋನ್ ವ್ಯವಸ್ಥೆ ಶುರುವಾಯ್ತು. ಅದರ ಹೃದಯದಲ್ಲಿದ್ದದ್ದು ವೊಕೋಡರ್. ಒಂದು ಕೇಂದ್ರದ ತೂಕವೇ 50 ಟನ್‌ಗಿಂತ ಹೆಚ್ಚು. ಲಂಡನ್‌ನಲ್ಲಿ ಅದನ್ನು ಇಟ್ಟಿದ್ದು ಎಲ್ಲಿ ಗೊತ್ತಾ? ಸೆಲ್ಫ್ರಿಜಸ್ ಅನ್ನೋ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ. ಮಾತನ್ನು ಸಂಖ್ಯೆಗಳಾಗಿಸಿ, ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿದ ಗದ್ದಲದ ಜೊತೆ ಬೆರೆಸಿ ಕಳಿಸ್ತಿದ್ದರು. ಆ ಕಡೆ ಅದೇ ತಟ್ಟೆಯ ಜೋಡಿ ಒಟ್ಟಿಗೆ ತಿರುಗಿದರೆ ಮಾತ್ರ ಅರ್ಥ ಆಗ್ತಿತ್ತು. ಬಳಸಿದ ತಟ್ಟೆಗಳನ್ನು ನಾಶ ಮಾಡ್ತಿದ್ದರು. ಇಷ್ಟೆಲ್ಲ ಆದ್ಮೇಲೆ ದನಿ ಯಂತ್ರದ್ದೇ ಆಗಿ ಕೇಳಿಸ್ತಿತ್ತು. ಪರವಾಗಿಲ್ಲ, ಮಾತು ಅರ್ಥ ಆದರೆ ಸಾಕಿತ್ತು. ಈ ವ್ಯವಸ್ಥೆಯ ಗುಟ್ಟು ಹೊರಬಿದ್ದಿದ್ದು 1976ರಲ್ಲಿ.

ಇಲ್ಲಿ ನಮ್ಮೂರಿನ ಒಂದು ಕೊಂಡಿ ಇದೆ. ಬಿಷ್ಣು ಅಟಲ್ ಅನ್ನೋ ವಿಜ್ಞಾನಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿ, 1957ರಿಂದ 1960ರವರೆಗೆ ಅಲ್ಲೇ ಧ್ವನಿಶಾಸ್ತ್ರ ಪಾಠ ಮಾಡಿದವರು. 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಮಾತನ್ನು ಚಿಕ್ಕದು ಮಾಡೋ ಡಡ್ಲಿಯವರ ಕನಸನ್ನು ಅವರು ಗಣಿತದ ದಾರಿಯಲ್ಲಿ ಮುಂದಕ್ಕೆ ಒಯ್ದರು. 1985ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆ ಅವರು ಮುಂದಿಟ್ಟ ‘ಸೆಲ್ಪ್’ ವಿಧಾನದ ಮಕ್ಕಳು ಮೊಮ್ಮಕ್ಕಳೇ ಮೊಬೈಲ್ ಕಾಲ್‌ಗಳಲ್ಲಿ ಮಾತು ಹೊತ್ತು ತಂದಿದ್ದು. ನಿಮ್ಮ ಅಮ್ಮನಿಗೆ ನೀವು ಫೋನ್ ಮಾಡೋದಕ್ಕೂ ರೋಬೋಟ್ ದನಿಗೂ ಒಂದೇ ಬೇರು.

ಸಂಗೀತದ ಕಡೆ ಬರೋಣ. ವೆಂಡಿ ಕಾರ್ಲೋಸ್ ಮತ್ತು ರಾಬರ್ಟ್ ಮೂಗ್ 1970ರಲ್ಲಿ 10 ಬ್ಯಾಂಡಿನ ವೊಕೋಡರ್ ಕಟ್ಟಿದರು. 1971ರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಸಿನಿಮಾದಲ್ಲಿ ಬೀಥೋವನ್‌ರ ಒಂಬತ್ತನೇ ಸಿಂಫನಿ ಅದರ ದನಿಯಲ್ಲೇ ಹಾಡಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಆ ದನಿಯನ್ನೇ ತಮ್ಮ ಗುರುತು ಮಾಡ್ಕೊಂಡಿತು. 1979ರಲ್ಲಿ ಬಂದ ರೋಲ್ಯಾಂಡ್ ವಿಪಿ-330ಯಲ್ಲಿ ಕೀಬೋರ್ಡೂ ವೊಕೋಡರೂ ಒಂದೇ ಪೆಟ್ಟಿಗೆಯಲ್ಲಿ. ಲಾರಿ ಆಂಡರ್ಸನ್ ಅದನ್ನು ಬಳಸಿ 1981ರಲ್ಲಿ ಮಾಡಿದ ‘ಓ ಸೂಪರ್‌ಮ್ಯಾನ್’ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು.

ನನಗೆ ಎಲ್ಲಕ್ಕಿಂತ ಕಾಡೋದು ನೀಲ್ ಯಂಗ್ ಕಥೆ. ಗಿಟಾರ್, ಜಾನಪದ, ರಾಕ್ ಅಂತ ಹೆಸರಾದವರು 1982ರ ‘ಟ್ರಾನ್ಸ್’ ಆಲ್ಬಮ್ಮಿನಲ್ಲಿ ಸೆನ್‌ಹೈಸರ್ ವೊಕೋಡರ್ ಮೂಲಕ ಹಾಡಿದರು. ಅವರ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರ್ತಿರಲಿಲ್ಲ. ಹೇಳೋಕೆ ಇದೆ, ಆದರೆ ಕೇಳೋರಿಗೆ ತಲುಪ್ತಿಲ್ಲ ಅನ್ನೋ ಅನುಭವವನ್ನೇ ಅವರು ಆ ದನಿಯಲ್ಲಿ ಹಿಡಿದರು. ಆ ವರ್ಷ ಯುರೋಪಿನ ಸ್ಟೇಜುಗಳಲ್ಲೂ ಈ ಹಾಡುಗಳನ್ನು ಹಾಡಿದರು. 1983ರಲ್ಲಿ ಅವರ ರೆಕಾರ್ಡ್ ಕಂಪನಿಯೇ ‘ಇದು ನೀಲ್ ಯಂಗ್ ಥರ ಇಲ್ಲ’ ಅನ್ನೋ ಅರ್ಥದಲ್ಲಿ ಕೋರ್ಟಿಗೆ ಹೋಯ್ತು. ಆಮೇಲೆ ಕೇಸ್ ಕೈಬಿಟ್ಟಿತು ಅನ್ನಿ. ಆದರೆ ಯೋಚನೆ ಮಾಡಿ, ಟೆಲಿಫೋನಿನಲ್ಲಿ ಮಾತು ಉಳಿಸೋಕೆ ಹುಟ್ಟಿದ ಯಂತ್ರ, ಮಾತು ತಲುಪದ ನೋವನ್ನು ಹೇಳೋಕೂ ಆಯ್ತು.

ಈಗ ನಮ್ಮ ಸ್ಟೇಜಿನ ಪ್ರಶ್ನೆ. ಮೊದಲು ಒಂದು ಗೊಂದಲ ಬಿಡಿಸೋಣ. 1998ರ ಶೆರ್ ಅವರ ‘ಬಿಲೀವ್’ ವೊಕೋಡರ್ ಅಲ್ಲ, ಆಟೋ-ಟ್ಯೂನ್. ಅಲ್ಲಿ ನಾದ ಹಾಡುಗಾರಳದ್ದೇ, ಶ್ರುತಿ ಮಾತ್ರ ತಿದ್ದಿದ್ದು. ರೋಜರ್ ಟ್ರೌಟ್‌ಮನ್ ಬಳಸಿದ್ದು ಟಾಕ್‌ಬಾಕ್ಸ್, ಅದು ಕೊಳವೆಯಲ್ಲಿ ನಾದವನ್ನು ಬಾಯಿಗೇ ತರುತ್ತೆ. ನಿಮಗೆ ಬೇಕಾದ್ದು ಯಾವುದು ಅಂತ ಗೊತ್ತಿಲ್ಲದೆ ದುಡ್ಡು ಹಾಕಬೇಡಿ.

ವೊಕೋಡರೇ ಬೇಕಾದರೆ, ಗಂಟಲು ಯಾರು ಕೊಡ್ತಾರೆ ಅಂತ ಕೇಳ್ಕೊಳ್ಳಿ. ಕೀಬೋರ್ಡ್ ಪ್ಲೇಯರ್ ಇದ್ದರೆ 2002ರಲ್ಲಿ ಬಂದ ಮೈಕ್ರೋಕೋರ್ಗ್ ಥರದ್ದು ಸುಲಭ, ಮೈಕು, ಸಿಂಥ್, ವೊಕೋಡರ್ ಎಲ್ಲ ಒಟ್ಟಿಗೆ. ಗಿಟಾರಿಸ್ಟ್ ಹಾಡೋದಾದರೆ ಬಾಸ್ ವಿಓ-1 ಥರದ ಪೆಡಲ್. ಲ್ಯಾಪ್‌ಟಾಪ್ ಪ್ಲಗಿನ್ ದನಿ ಚೆನ್ನಾಗೇ ಕೊಡುತ್ತೆ. ಆದರೆ ಹಾಡಿದ್ದಕ್ಕೂ ಕೇಳಿಸೋದಕ್ಕೂ ನಡುವಿನ ತಡ ಡ್ರಮ್ಮರ್ ಜೊತೆ ಪರೀಕ್ಷೆ ಮಾಡದೆ ಸ್ಟೇಜ್ ಹತ್ತಬೇಡಿ.

ಬ್ಯಾಂಡ್ ಸಂಖ್ಯೆ ಜಾಸ್ತಿ ಇದ್ದರೆ ಮಾತು ಸಾಮಾನ್ಯವಾಗಿ ಸ್ಪಷ್ಟ, ಕಡಿಮೆ ಇದ್ದರೆ ಹಳೇ ರೋಬೋಟ್ ರುಚಿ. ಕೀಬೋರ್ಡಿನ ನಾದ ಮಾತ್ರ ತುಂಬಿರಬೇಕು. ಕೊಳಲಿನಂಥ ತೆಳು ನಾದದಲ್ಲಿ ಅಕ್ಷರ ಕೆತ್ತೋಕೆ ಜಾಗವೇ ಇರಲ್ಲ.

ಕನ್ನಡದಲ್ಲಿ ಹಾಡೋರಿಗೆ ಎರಡು ಕಿವಿಮಾತು. ‘ಸ’, ‘ಶ’, ‘ಚ’ ಎಲ್ಲ ಉಸಿರಿನ ಸದ್ದು. ಅದಕ್ಕೆ ಬೇರೆ ದಾರಿ ಇಲ್ಲದ ಯಂತ್ರದಲ್ಲಿ ‘ಸಂಜೆ’ ಹೋಗಿ ‘ಅಂಜೆ’ ಆಗುತ್ತೆ. ಇನ್ನೊಂದು, ನಿಮ್ಮ ಗಂಟಲಿನ ಗಮಕ ಆ ಕಡೆ ಹೋಗೋದೇ ಇಲ್ಲ. ಶ್ರುತಿ ಕೀಬೋರ್ಡಿನದ್ದು, ಜಾರು ಬೇಕಾದರೆ ಪಿಚ್ ವ್ಹೀಲ್ ಮೇಲೆ ಕೈಯೇ ಹಾಡಬೇಕು.

ಮೈಕು ತುಟಿಗೆ ತೀರಾ ಹತ್ತಿರ ಇರಲಿ. ಡ್ರಮ್ಸ್ ಸದ್ದು ಅದರೊಳಗೆ ನುಗ್ಗಿದರೆ ಪ್ರತಿ ಸ್ನೇರ್ ಏಟಿಗೂ ನಿಮ್ಮ ಕಾರ್ಡ್ ಬೊಗಳುತ್ತೆ. ಸಾಮಾನ್ಯ ದನಿಯ ಒಂದು ಲೈನನ್ನೂ ಸೌಂಡ್ ಎಂಜಿನಿಯರಿಗೆ ಬೇರೆಯಾಗಿ ಕೊಡಿ. ಮಾತು ಮಸುಕಾದರೆ ಅವರು ಸ್ವಲ್ಪ ಬೆರೆಸ್ತಾರೆ.

ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಹಾಡು ಯಾವತ್ತೂ ಕೇಳದ ಗೆಳೆಯನೊಬ್ಬನನ್ನು ಕೂರಿಸಿ, ಪೂರ್ತಿ ಬ್ಯಾಂಡ್ ಜೊತೆ ನಾಲ್ಕು ಸಾಲು ಹಾಡಿ, ಕೇಳಿಸಿದ್ದನ್ನು ಬರಿ ಅನ್ನಿ. ಅವನ ಹಾಳೆಯಲ್ಲಿ ನಿಮ್ಮ ಪದಗಳು ಇದ್ದರೆ ಆ ಯಂತ್ರ ತಗೊಳ್ಳಿ. ಡಡ್ಲಿ ಕೇಳಿದ್ದೂ ಇಷ್ಟೇ: ಆ ತುದಿಯಲ್ಲಿ ಇರೋರಿಗೆ ಮಾತು ಮುಟ್ಟಿತಾ? ಮುಂದಿನ ಸಂಚಿಕೆಯಲ್ಲಿ ಸಿಗೋಣ.