ಅಮರೇಶ್ವರನ ಅಂಕಿತ

ವಚನ, ಕೀರ್ತನೆ, ಷಟ್ಪದಿ ಎಂಬ ಪ್ರಕಾರಗಳನ್ನು ನಾವೆಲ್ಲ ಈ ಶಾಲೆಯಲ್ಲಿ ಪರೀಕ್ಷೆಗಾಗಿ ಕಲಿತವರು. ಕವಿ, ಕಾಲ, ಸ್ಥಳ, ಅಂಕಿತ ಎಂದು ಬಾಯಿಪಾಠ ಮಾಡಿದರೆ ಅಂಕಗಳು ಖಾತ್ರಿ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಬಿಡುವಿನಲ್ಲಿ ವಚನಗಳನ್ನು ಓದತೊಡಗಿದೆ. ಆಗ ಈ ನಾಲ್ಕರಲ್ಲಿ ಅಂಕಿತದ ಬಗ್ಗೆಯೇ ನನಗೆ ಹೆಚ್ಚು ಕುತೂಹಲ ಹುಟ್ಟಿತು. ಅದಕ್ಕೆ ಕಾರಣ ನಮ್ಮ ಅಮರೇಶ್ವರ.

ಅಂಕಿತವೆಂದರೆ ರಚನೆಯ ಕೊನೆಯಲ್ಲಿ ಬರುವ ಇಷ್ಟದೈವದ ಹೆಸರು; ಬರೆದವರ ಸಹಿ ಎನ್ನಿ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ, ಜನರ ಬಾಯಲ್ಲಿ ಇಂದಿಗೂ 'ಗುರುಗುಂಟಾ ಅಮರೇಶ್ವರ' ಎನಿಸಿಕೊಂಡ ಕ್ಷೇತ್ರದವರು. ಇಲ್ಲಿಂದ ಕಲ್ಯಾಣಕ್ಕೆ ಹೋಗಿ, ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪರಂಪರೆಯ ಕಥೆ. ಗಂಡನ ಅಂಕಿತ 'ಅಮರೇಶ್ವರಲಿಂಗ', ಹೆಂಡತಿಯದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮೇಲುನೋಟಕ್ಕೆ ಇದು ಗಂಡನ ಹೆಸರಿನ ಹಿಂದೆ ನಿಂತ ಸಹಿ. ಆದರೆ ಅದೇ ಸಹಿಯಡಿ ಆಕೆ ಗಂಡನನ್ನೇ ತಿದ್ದುತ್ತಾಳೆ, ಆಸೆಯನ್ನು ಪ್ರಶ್ನಿಸುತ್ತಾಳೆ, ಬಡತನ ಮನಸ್ಸಿಗಿರಬಾರದು ಎಂಬ ನಿಲುವು ತಾಳುತ್ತಾಳೆ. ಸಂಭಾಷಣೆಯ ಧಾಟಿ, ನೇರ ಮಾತು, ಛಂದಸ್ಸಿನ ಕಟ್ಟಿಲ್ಲದ ಲಯ, ಇವೆಲ್ಲ ವಚನದ ಲಕ್ಷಣಗಳೆಂದು ಪುಸ್ತಕ ಹೇಳುತ್ತದೆ. ಅವು ಯಾಕೆ ಬೇಕಾದವು ಎಂಬುದು ಲಕ್ಕಮ್ಮನನ್ನು ಓದಿದರೆ ತಾನಾಗಿ ತಿಳಿಯುತ್ತದೆ: ಮನೆಯೊಳಗಿನ ವಾದವನ್ನು ಷಟ್ಪದಿಯಲ್ಲಿ ಮಾಡಲಾದೀತೆ?

ಈಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಷ್ಟೋ ವಚನಗಳಿಗೆ ಕೊನೆಯ ಸಾಲೇ ಇರುವುದಿಲ್ಲ. ಚಿತ್ರಕ್ಕೆ ಹಿಡಿಸಲಿಲ್ಲವೆಂದು ಕತ್ತರಿಸಿರುತ್ತಾರೆ. 'ಮಾರಯ್ಯಪ್ರಿಯ' ಎಂಬ ಒಂದು ಪದ ಹೋದರೆ ಲಕ್ಕಮ್ಮನ ಮಾತು ಗಂಡನ ಲೆಕ್ಕಕ್ಕೆ ಜಮೆಯಾಗುತ್ತದೆ. ಆಕೆಯದೆಂದು ನಮಗೆ ಸಿಕ್ಕಿರುವುದೇ ಸುಮಾರು 25 ವಚನಗಳು.

ನಮ್ಮ ಜಿಲ್ಲೆಯ ಹರಿದಾಸರಲ್ಲಿ ಅಂಕಿತವನ್ನು ಗುರುವೇ ಕೊಡುವ ಪದ್ಧತಿ. ಚೀಕಲಪರವಿಯ ವಿಜಯದಾಸರು 'ವಿಜಯವಿಠಲ', ಮೊಸರಕಲ್ಲಿನ ಗೋಪಾಲದಾಸರು 'ಗೋಪಾಲವಿಠಲ', ಬ್ಯಾಗವಾಟದ ಜಗನ್ನಾಥದಾಸರು 'ಜಗನ್ನಾಥವಿಠಲ'. ಪಲ್ಲವಿ, ಅನುಪಲ್ಲವಿ, ಚರಣಗಳಿರುವ ಕೀರ್ತನೆಯ ಕಡೆಯ ಚರಣದಲ್ಲಿ ಈ ಹೆಸರು ಕೇಳುತ್ತಲೇ ಭಜನೆಯವರಿಗೆ ದಾಸರಾರೆಂದು ಗೊತ್ತಾಗುತ್ತದೆ. ಜಗನ್ನಾಥದಾಸರ 'ಹರಿಕಥಾಮೃತಸಾರ' ಇರುವುದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲು, 1, 2, 4, 5ನೆಯವು 14 ಮಾತ್ರೆ, 3 ಮತ್ತು 6ನೆಯವು 23. ಎಣಿಸಿ ನೋಡುವ ಹುಡುಗರಿಗೆ ಇದು ಗಣಿತದಷ್ಟೇ ಮಜಾ.

ಉರ್ದುವಿನ ಗಜಲ್‌ನಲ್ಲೂ ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಕಾವ್ಯನಾಮ ಹೇಳುವ ರೂಢಿಯಿದೆ. ಆ ದ್ವಿಪದಿಗೆ 'ಮಕ್ತಾ' ಎನ್ನುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಾಲೆಯ ಭಾಷೆಯಾಗಿದ್ದ ನಮ್ಮ ಭಾಗದಿಂದಲೇ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. 2006ರ ಬೀದರ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಶಾಸನವನ್ನು ಪಠ್ಯಪುಸ್ತಕ ಬೇರೆ ಪಾಠದಲ್ಲಿ ಇಡುತ್ತದೆ, ಆದರೂ ಮಸ್ಕಿಯನ್ನು ಬಿಟ್ಟು ಹೋಗಲು ಮನಸ್ಸಾಗದು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅಲ್ಲಿನ ಬಂಡೆಯ ಬರಹ ಕಂಡರು. ಅದುವರೆಗೆ ಓದಿದ್ದ ಶಾಸನಗಳಲ್ಲಿ ಇದ್ದದ್ದು 'ದೇವರಿಗೆ ಪ್ರಿಯನಾದ' ಎಂಬ ಬಿರುದು ಮಾತ್ರ. ಆ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯ ಕಲ್ಲಿನ ಮೇಲೆ.