ಸಸ್ಯ ಲೆಕ್ಟಿನ್‌ಗಳು: ಪ್ರೋಟೀನ್ ಸಕ್ಕರೆಯನ್ನು ಹಿಡಿಯುವ ಬಗೆ

ನಿರ್ದಿಷ್ಟ ಸಕ್ಕರೆಯನ್ನು ಗುರುತಿಸಿ, ಅದನ್ನು ಬದಲಿಸದೆ ಹಿಡಿದುಕೊಳ್ಳುವ ಪ್ರೋಟೀನ್‌ಗಳೇ ಲೆಕ್ಟಿನ್‌ಗಳು. ದ್ವಿದಳ ಸಸ್ಯಗಳ ಬೀಜಗಳಲ್ಲಿ ಇವು ಹೇರಳ. ಡೋರ್ಪಾಟ್ (ಇಂದಿನ ಎಸ್ಟೋನಿಯದ ಟಾರ್ಟು) ವಿಶ್ವವಿದ್ಯಾಲಯದ ಹರ್ಮನ್ ಸ್ಟಿಲ್‌ಮಾರ್ಕ್ 1888ರಲ್ಲಿ, ಔಡಲ ಬೀಜದ ಸಾರವು ಕೆಂಪು ರಕ್ತಕಣಗಳನ್ನು ಗಂಟುಗಟ್ಟಿಸುವುದನ್ನು ತಮ್ಮ ಪ್ರೌಢಪ್ರಬಂಧದಲ್ಲಿ ದಾಖಲಿಸಿದರು. ಇದರಲ್ಲಿ ಸಕ್ಕರೆಯ ಪಾತ್ರವಿದೆಯೆಂಬ ಸುಳಿವು ಸಿಕ್ಕಿದ್ದು ತೀರ ತಡವಾಗಿ. ಜ್ಯಾಕ್ ಬೀನ್‌ನಿಂದ 1919ರಲ್ಲೇ ಕಾನ್‌ಕನವಾಲಿನ್-ಎ ಸ್ಫಟಿಕಗಳನ್ನು ಪಡೆದಿದ್ದ ಜೇಮ್ಸ್ ಸಮ್ನರ್, ಹೊವೆಲ್ ಜೊತೆಗೂಡಿ 1936ರಲ್ಲಿ ಕಬ್ಬಿನ ಸಕ್ಕರೆಯು ಆ ಪ್ರೋಟೀನಿನ ಕ್ರಿಯೆಯನ್ನು ತಡೆಯುತ್ತದೆಂದು ತೋರಿಸಿದರು. ಲೆಕ್ಟಿನ್ ಎಂಬ ಹೆಸರು ಬಂದಿದ್ದು 1954ರಲ್ಲಿ.

ಕಾನ್‌ಕನವಾಲಿನ್-ಎಯ ರಚನೆಯನ್ನು ಅಮೆರಿಕದ ಎರಡು ತಂಡಗಳು 1972ರಲ್ಲಿ ಎಕ್ಸ್-ಕಿರಣಗಳಿಂದ ಬಿಡಿಸಿದವು. ಅದು ಹಿಡಿಯುವ ಮ್ಯಾನೋಸ್ ಎಂಬ ಸಕ್ಕರೆ ಕೂತಿರುವ ಜಾಗ ನಿಚ್ಚಳವಾಗಿದ್ದು ಮಾತ್ರ 1989ರಲ್ಲಿ. ಅದು ಆಳವಿಲ್ಲದ ಒಂದು ಕುಳಿ. ಅಲ್ಲಿನ ಆಸ್ಪಾರ್ಟಿಕ್ ಆಮ್ಲ ಸಕ್ಕರೆಯ 4 ಮತ್ತು 6ನೇ ಹೈಡ್ರಾಕ್ಸಿಲ್‌ಗಳೊಂದಿಗೆ ಹೈಡ್ರೋಜನ್ ಬಂಧ ಕಟ್ಟುತ್ತದೆ. ಹತ್ತಿರದಲ್ಲೇ ಇರುವ ಕ್ಯಾಲ್ಸಿಯಂ, ಮ್ಯಾಂಗನೀಸ್ ಅಯಾನುಗಳು ಸಕ್ಕರೆಯನ್ನು ಮುಟ್ಟುವುದೇ ಇಲ್ಲ. ಬಂಧ ಕಟ್ಟುವ ಅಮೈನೋ ಆಮ್ಲಗಳನ್ನು ಸರಿಯಾದ ಭಂಗಿಯಲ್ಲಿ ನಿಲ್ಲಿಸುವುದಷ್ಟೇ ಅವುಗಳ ಕೆಲಸ. ಗ್ಲೂಕೋಸ್ ಕೂಡ ಈ ಕುಳಿಗೆ ಒಗ್ಗುತ್ತದೆ, ಗ್ಯಾಲಕ್ಟೋಸ್ ಒಗ್ಗದು. ಇವೆರಡರ ನಡುವಿನ ವ್ಯತ್ಯಾಸವೆಂದರೆ 4ನೇ ಹೈಡ್ರಾಕ್ಸಿಲ್ ಯಾವ ಕಡೆಗೆ ಮುಖ ಮಾಡಿದೆ ಎಂಬುದು, ಅಷ್ಟೇ.

ಮುಂದಿನ ಮಹತ್ವದ ಅಧ್ಯಾಯ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು 1994ರಲ್ಲಿ ಕಡಲೆಕಾಯಿ ಲೆಕ್ಟಿನ್ನಿನ ರಚನೆಯನ್ನು ಪ್ರಕಟಿಸಿದರು. ಅದರ ನಾಲ್ಕು ಉಪಘಟಕಗಳು ಒಂದೇ ತೆರನವು. ಆದರೂ ಅವುಗಳ ಜೋಡಣೆಯಲ್ಲಿ ನಿರೀಕ್ಷಿತ ಸಮಮಿತಿ ಇರಲಿಲ್ಲ. ಹಲವು ಕ್ಯಾನ್ಸರ್ ಕೋಶಗಳ ಮೇಲೆ ಕಾಣುವ ಟಿ-ಪ್ರತಿಜನಕವನ್ನು ಈ ಲೆಕ್ಟಿನ್ ಲ್ಯಾಕ್ಟೋಸ್‌ಗಿಂತ ಬಿಗಿಯಾಗಿ ಹಿಡಿಯುವುದು ಏಕೆಂಬುದಕ್ಕೂ ಇದೇ ತಂಡ 1997ರಲ್ಲಿ ಉತ್ತರ ಕೊಟ್ಟಿತು: ಸಕ್ಕರೆಗೂ ಪ್ರೋಟೀನಿಗೂ ನಡುವೆ ಸೇತುವೆಯಾಗಿ ನಿಲ್ಲುವ ನೀರಿನ ಅಣುಗಳು.

ಇದಕ್ಕಿಂತ ಸ್ವಾರಸ್ಯಕರವಾದದ್ದು, 1996ರಲ್ಲಿ ಅಲ್ಲಿಂದಲೇ ಬಂದ ಹಲಸಿನ ಬೀಜದ ಜಾಕಲಿನ್ ರಚನೆ. ಇದಕ್ಕೆ ಲೋಹದ ಅಯಾನು ಬೇಡ. ಪ್ರೋಟೀನಿನ ಸರಪಳಿ ತಯಾರಾದ ಮೇಲೆ ಒಂದೆಡೆ ತುಂಡಾಗಿ, ಗ್ಲೈಸೀನ್ ಇರುವ ಹೊಸ ತುದಿ ಹೊರಬೀಳುತ್ತದೆ. ಅದರ ಅಮೈನೋ ಗುಂಪೇ ಗ್ಯಾಲಕ್ಟೋಸಿನೊಂದಿಗೆ ಬಂಧ ಕಟ್ಟುತ್ತದೆ. ರಕ್ತದಲ್ಲಿನ ಐಜಿಎ-1 ಪ್ರತಿಕಾಯವನ್ನು ಬೇರ್ಪಡಿಸಲು ಪ್ರಯೋಗಾಲಯಗಳು ಜಾಕಲಿನ್ ಬಳಸುತ್ತವೆ.