ಅಲ್ಗಾಂಕ್ವಿನ್ ವನೋದ್ಯಾನದ ಶೀತಕಾಲೀನ ಪಕ್ಷಿವೀಕ್ಷಣೆ

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ 1893ರಲ್ಲಿ ಸ್ಥಾಪಿತವಾದ, ಸುಮಾರು 7,600 ಚದರ ಕಿಲೋಮೀಟರು ವಿಸ್ತಾರವುಳ್ಳ ಅಲ್ಗಾಂಕ್ವಿನ್ ವನೋದ್ಯಾನದಲ್ಲಿ, ವಲಸೆಹಕ್ಕಿಗಳು ದಕ್ಷಿಣಾಭಿಮುಖವಾಗಿ ತೆರಳಿದ ತರುವಾಯ ಹಿಮಾವೃತ ಅರಣ್ಯದಲ್ಲಿ ಉಳಿದುಕೊಳ್ಳುವ ಹಾಗೂ ಮತ್ತಷ್ಟು ಉತ್ತರದಿಂದ ಆಹಾರಾರ್ಥವಾಗಿ ಇಳಿದುಬರುವ ಪಕ್ಷಿಗಳನ್ನು ಅವಲೋಕಿಸುವ ಹವ್ಯಾಸ. ದಕ್ಷಿಣದ ಮೇಪಲ್ ಕಾಡೂ ಉತ್ತರದ ಸೂಚೀಪರ್ಣ ಕಾಡೂ ಇಲ್ಲಿ ಸಂಧಿಸುವುದರಿಂದ ಸ್ಪ್ರೂಸ್ ಗ್ರೌಸ್, ಕಪ್ಪುಬೆನ್ನಿನ ಮರಕುಟಿಗ, ಬೋರಿಯಲ್ ಚಿಕಡೀ ಮೊದಲಾದ ಉತ್ತರದೇಶೀಯ ಪ್ರಭೇದಗಳು 60ನೆಯ ಹೆದ್ದಾರಿಯ ಆಸುಪಾಸಿನಲ್ಲಿಯೇ, ವಿಶೇಷತಃ ಸ್ಪ್ರೂಸ್ ಬಾಗ್ ಎಂಬ ಜೌಗುನೆಲದ ಹಲಗೆದಾರಿಯಲ್ಲಿ, ಕಾಣಸಿಗುತ್ತವೆ. ಸರ್ವಪ್ರಧಾನವಾದುದು ಕೆನಡಾ ಜೇ: ಕಾಗೆಯ ಕುಲಕ್ಕೆ ಸೇರಿದ, ಮನುಷ್ಯರ ಅಂಗೈಯಿಂದಲೂ ಕಾಳೆತ್ತುವಷ್ಟು ನಿರ್ಭೀತವಾದ ಈ ಬೂದುವರ್ಣದ ಪಕ್ಷಿಯು ಕೀಟ, ಹಣ್ಣು, ಮಾಂಸದ ತುಣುಕುಗಳನ್ನು ಅಂಟುಜೊಲ್ಲಿನಿಂದ ಉಂಡೆಗಟ್ಟಿ ತೊಗಟೆಯ ಸಂದುಗಳಲ್ಲಿ ಬಚ್ಚಿಟ್ಟು, ಆ ದಾಸ್ತಾನಿನ ಬಲದಿಂದಲೇ, ನೆಲವಿನ್ನೂ ಹಿಮದಡಿಯಲ್ಲಿರುವಾಗ, ಫೆಬ್ರವರಿಯ ಕೊನೆಯ ವೇಳೆಗೇ ಗೂಡುಕಟ್ಟಲು ತೊಡಗುತ್ತದೆ; 1960ರ ದಶಕದಿಂದ ನಡೆದುಬಂದಿರುವ ಇದರ ಅಧ್ಯಯನವು, ಶರತ್ಕಾಲ ಬೆಚ್ಚಗಾದಂತೆ ದಾಸ್ತಾನು ಕೆಟ್ಟು ಸಂತಾನ ಕ್ಷೀಣಿಸುವುದೆಂದು ಸೂಚಿಸಿರುವುದರಿಂದ ಹವಾಮಾನ ವ್ಯತ್ಯಯದ ವಿವೇಚನೆಗೂ ಅಮೂಲ್ಯವಾಗಿದೆ. ಕತ್ತರಿಯಂತೆ ಹಾದ ಕೊಕ್ಕಿನಿಂದ ಶಂಕುಫಲಗಳನ್ನು ಬಿಡಿಸಿ ಬೀಜವನ್ನು ಹೆಕ್ಕುವ ಕ್ರಾಸ್‌ಬಿಲ್‌ಗಳ ಆಗಮನ ಮಾತ್ರ ಅನಿಶ್ಚಿತ. ಅವು ಫಲದ ಇಳುವರಿಯನ್ನನುಸರಿಸಿ ಒಂದು ವರ್ಷ ಹೇರಳವಾಗಿಯೂ ಮರುವರ್ಷ ವಿರಳವಾಗಿಯೂ ತೋರುವುದುಂಟು.